ಪುರಾನಾ ಕಿಲಾದ ಬಳಿಯ ಬಿಳಿ ಹುಲಿ

ಊರಿನಿಂದ ನೆಂಟರಿಷ್ಟರು ಬಂದರೆ ದೆಹಲಿಯ ಕನ್ನಡಿಗರಾದ ನಾವು ಮೊದಲು ಕುತುಬ್ ಮಿನಾರು, ಕೆಂಪುಕೋಟೆಗಳನ್ನು ತೋರಿಸುತ್ತೇವೆ. ಜತೆಯಲ್ಲಿ ಮಕ್ಕಳಿದ್ದರೆ ಮೃಗಾಲಯವನ್ನು ಬಿಡುವಂತಿಲ್ಲ. ಮಥುರಾ ರಸ್ತೆಯಲ್ಲಿ, ಪುರಾನಾ ಕಿಲಾದ ಮಗ್ಗುಲಲ್ಲಿರುವ ಈ ಮೃಗಾಲಯ ೧೯೫೯ರಲ್ಲಿ ಪ್ರಾರಂಭವಾಯಿತು. ಶುಕ್ರವಾರ ರಜೆಯೆಂಬುದನ್ನು ಮರೆಯಬಾರದು. ಒಳಗೆ ಜನರನ್ನು ಬಹಳ ಹೊತ್ತು ನಿಲ್ಲಿಸಿಕೊಳ್ಳುವುದು ಬಿಳಿ ಹುಲಿ.

ಬೆಳ್ಳಗಿನ ಮೈ, ಗಾಢವಾದ ಪಟ್ಟೆ, ನೀಲಿ ಕಣ್ಣು. ಇದು ಹಿಮದ ನಾಡಿನ ಬೇರೆ ಜಾತಿಯೇ ಎಂದು ಮಕ್ಕಳು ಕೇಳುವುದುಂಟು. ಹಾಗಲ್ಲ; ನಮ್ಮ ಬಂಡೀಪುರ, ನಾಗರಹೊಳೆಗಳ ಹುಲಿಯ ಕುಲವೇ ಇದು. ಬಣ್ಣ ಮಾತ್ರ ಬೇರೆ.

ಇದರ ವಂಶಚರಿತ್ರೆ ಸ್ವಾರಸ್ಯವಾದುದು. ೧೯೫೧ರಲ್ಲಿ ರೀವಾದ ಮಹಾರಾಜ ಮಾರ್ತಾಂಡ ಸಿಂಹರು ಕಾಡಿನಲ್ಲಿ ಒಂದು ಬಿಳಿ ಗಂಡುಮರಿಯನ್ನು ಹಿಡಿಸಿ, ಗೋವಿಂದಗಢದ ಅರಮನೆಯಲ್ಲಿ ಸಾಕಿದರು. ಅದರ ಹೆಸರು ಮೋಹನ. ಬೇಗಂ ಎಂಬ ಸಾಮಾನ್ಯ ಬಣ್ಣದ ಹೆಣ್ಣಿನೊಡನೆ ಕೂಡಿಸಿದಾಗ ಒಂದು ಮರಿಯೂ ಬಿಳಿಯದಾಗಲಿಲ್ಲ. ಬಳಿಕ ಮೋಹನನನ್ನು ತನ್ನ ಮಗಳಾದ ರಾಧೆಯೊಡನೆಯೇ ಕೂಡಿಸಿದರು. ೧೯೫೮ರಲ್ಲಿ ನಾಲ್ಕು ಬಿಳಿ ಮರಿಗಳು ಹುಟ್ಟಿದವು. ಅವುಗಳಲ್ಲಿ ಮೋಹಿನಿ ೧೯೬೦ರಲ್ಲಿ ವಾಷಿಂಗ್ಟನ್ನಿಗೆ ಹೋಯಿತು. ರಾಜ, ರಾಣಿ ಎಂಬ ಒಡಹುಟ್ಟುಗಳು ದೆಹಲಿಗೆ ಬಂದು ಇಲ್ಲಿ ವಂಶ ಬೆಳೆಸಿದವು.

ಬಣ್ಣ ಒಂದು ತಲೆಮಾರು ಅಡಗಿ ಮತ್ತೆ ಹೇಗೆ ಬಂತು? ಪ್ರತಿ ಮರಿಗೂ ಬಣ್ಣದ ಗುಣ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪಾಲಾಗಿ ಬರುತ್ತದೆ. ಎರಡೂ ಬಿಳಿಯದಾದರೆ ಮಾತ್ರ ಮೈ ಬಿಳುಪು. ಒಂದೇ ಇದ್ದರೆ ಅದು ಗುಪ್ತವಾಗಿರುತ್ತದೆ. ರಾಧೆಯಲ್ಲಿ ಇದ್ದುದು ಹಾಗೆ ಅಡಗಿದ ಒಂದು ಪಾಲು. ಅಂಥ ಎರಡು ಕೇಸರಿ ಹುಲಿಗಳು ಕೂಡಿದರೂ ಸರಾಸರಿ ನಾಲ್ಕರಲ್ಲಿ ಒಂದು ಮರಿ ಬಿಳಿಯದಾದೀತು. ಪರದೇಶಗಳಲ್ಲಿ ಹಾವು ಸಾಕುವವರು ಬಿಳಿ-ಹಳದಿ ಹೆಬ್ಬಾವುಗಳನ್ನು ಪಡೆಯುವುದೂ ಇದೇ ಲೆಕ್ಕದಿಂದ. ಹುಲಿಯಲ್ಲಿ ಇದಕ್ಕೆ ಕಾರಣ ಒಂದೇ ಜೀನಿನ ಒಂದು ಸಣ್ಣ ಬದಲಾವಣೆಯೆಂದು ೧೯೫೮ರ ಆ ಮರಿಗಳು ಹುಟ್ಟಿದ ಐವತ್ತೈದು ವರ್ಷಗಳ ಮೇಲೆ, ೨೦೧೩ರಲ್ಲಿ, ಚೀನಾದ ವಿಜ್ಞಾನಿಗಳು ತೋರಿಸಿದರು. ಅದು ಕೆಂಪು-ಹಳದಿ ವರ್ಣವನ್ನು ತಡೆಯುತ್ತದೆ. ಕಪ್ಪನ್ನು ಬಹುಮಟ್ಟಿಗೆ ಉಳಿಸುತ್ತದೆ.

ಈ ಚೆಲುವಿಗೆ ಬೆಲೆಯೂ ಉಂಟು. ಬಿಳಿ ಹುಲಿಗಳಲ್ಲಿ ಮೆಳ್ಳೆಗಣ್ಣು ಕಾಣುವುದುಂಟು. ಅದು ಬಣ್ಣದ ಗುಣಕ್ಕೇ ಅಂಟಿಕೊಂಡು ಬಂದದ್ದು. ಅಲ್ಲದೆ ತಂದೆ-ಮಗಳು, ಅಣ್ಣ-ತಂಗಿಯರನ್ನು ಕೂಡಿಸುತ್ತ ಹೋದರೆ ಬಣ್ಣದ ಜತೆಗೆ ಬೇರೆ ಅಡಗಿದ ದೋಷಗಳೂ ಜೋಡಿಯಾಗುತ್ತವೆ.

ಇಲ್ಲಿ ನಮ್ಮ ಮನೆಗಳ ಮಾತೂ ಬರುತ್ತದೆ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತರುವ ವಾಡಿಕೆ ನಮ್ಮಲ್ಲಿ ಹಳೆಯದು. ದೂರದೇಶದಲ್ಲಿರುವಾಗ ಪರಿಚಿತ ಮನೆಯ ಸಂಬಂಧವೇ ವಾಸಿ ಎನ್ನಿಸುವುದೂ ಸಹಜ. ಇಂಥ ದಂಪತಿಗಳ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ರಕ್ತಸಂಬಂಧಿಗಳಲ್ಲಿ ಒಂದೇ ದೋಷ ಇಬ್ಬರಲ್ಲೂ ಅಡಗಿರುವ ಸಂಭವ ಹೆಚ್ಚು. ಮನೆತನದಲ್ಲಿ ಹುಟ್ಟುಕಿವುಡೋ ಬೇರೆ ವಂಶರೋಗವೋ ಇದ್ದರೆ ಹಿರಿಯರು ಮುಚ್ಚಿಡದೆ ಹೇಳಬೇಕು. ಲಗ್ನ ಗೊತ್ತುಮಾಡುವ ಮುನ್ನ ಅನುವಂಶೀಯತೆಯನ್ನು ಬಲ್ಲ ವೈದ್ಯರ ಸಲಹೆ ಪಡೆಯಬೇಕು. ಜಾತಕ ನೋಡಲು ದೊರೆಯುವ ಬಿಡುವು ಇದಕ್ಕೂ ದೊರೆಯಲಿ.