ಹತ್ತನೇ ತರಗತಿಯ ಪುಸ್ತಕ ಮತ್ತು ಜಿಆರ್‌ಇ ಗಣಿತ



ನಾನು ಇದೇ ಕಾಲೇಜಿನ ಕಲಾ ವಿಭಾಗದಲ್ಲಿ ಪಿಯುಸಿ ಓದಿದವಳು. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ನನ್ನ ವಿಷಯಗಳಾಗಿದ್ದವು. ಎಸೆಸೆಲ್ಸಿ ಮುಗಿದ ಮೇಲೆ ಗಣಿತದ ತರಗತಿಯಲ್ಲಿ ಕುಳಿತವಳಲ್ಲ. ಅಂಥ ನಾನು ಈ ವರ್ಷ ಜಿಆರ್‌ಇ ಪರೀಕ್ಷೆಯ ಗಣಿತ ವಿಭಾಗಕ್ಕೆ ಹೇಗೆ ತಯಾರಾದೆ ಎಂಬುದನ್ನು ನಿಮಗೆ ಹೇಳಬೇಕೆನಿಸಿತು. ಮುಖ್ಯವಾಗಿ, ಕನ್ನಡ ಮಾಧ್ಯಮದಿಂದ ಬಂದು ಇಂಥ ಪರೀಕ್ಷೆಗಳೆಲ್ಲ ಬೇರೆಯವರಿಗೆ ಎಂದುಕೊಂಡಿರುವ ತಂಗಿಯರಿಗೆ, ತಮ್ಮಂದಿರಿಗೆ.

ಜಿಆರ್‌ಇ ಎಂದರೆ ವಿದೇಶದಲ್ಲಿ, ಹೆಚ್ಚಾಗಿ ಅಮೆರಿಕದಲ್ಲಿ, ಸ್ನಾತಕೋತ್ತರ ಪದವಿ ಓದಬಯಸುವವರು ಬರೆಯುವ ಪರೀಕ್ಷೆ. ಅಮೆರಿಕದ ಇಟಿಎಸ್ ಸಂಸ್ಥೆ ಅದನ್ನು ನಡೆಸುತ್ತದೆ. ಈಗ ಕೆಲವು ವಿಶ್ವವಿದ್ಯಾಲಯಗಳು ಇದನ್ನು ಕೇಳುವುದಿಲ್ಲ. ಆದರೆ ಸಾರ್ವಜನಿಕ ನೀತಿ ಓದಲು ನಾನು ಆರಿಸಿಕೊಂಡ ಮೂರರಲ್ಲಿ ಎರಡು ಕಡೆ ಅದು ಬೇಕೇ ಬೇಕಿತ್ತು. ಪರೀಕ್ಷಾ ಶುಲ್ಕವೇ 20 ಸಾವಿರ ರೂಪಾಯಿಗಿಂತ ಹೆಚ್ಚು. ಖಾಸಗಿ ಶಾಲೆಯಲ್ಲಿ ಪಾಠ ಮಾಡಿ ಬರುವ ಸಂಬಳದಲ್ಲಿ ಅಷ್ಟನ್ನು ಕೂಡಿಡಲು ನನಗೆ ಏಳು ತಿಂಗಳು ಹಿಡಿಯಿತು. ಹಾಗಾಗಿ ಇನ್ನೊಮ್ಮೆ ಬರೆದರಾಯಿತು ಎಂದು ಸುಮ್ಮನಿರುವಂತಿರಲಿಲ್ಲ.

ಒಂದು ಕೋಚಿಂಗ್ ಸೆಂಟರ್‌ಗೆ ವಿಚಾರಿಸಲು ಹೋದೆ. ಅಲ್ಲಿದ್ದವರು ನನ್ನ ಅಂಕಪಟ್ಟಿ ನೋಡಿ, "ಆರ್ಟ್ಸ್, ಅದೂ ಕನ್ನಡ ಮೀಡಿಯಂ. ಮ್ಯಾಥ್ಸ್ ಕಷ್ಟ ಆಗುತ್ತೆ ನೋಡಿ" ಎಂದರು. ಅವರ ಶುಲ್ಕ ನನ್ನ ನಾಲ್ಕು ತಿಂಗಳ ಸಂಬಳ. ಮನೆಗೆ ಬಂದು ಇಟಿಎಸ್‌ನ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಗಣಿತದ ಕೈಪಿಡಿಯನ್ನು ಮೊಬೈಲ್‌ಗೆ ಇಳಿಸಿಕೊಂಡೆ. ಅಂಕಗಣಿತ, ಬೀಜಗಣಿತ, ರೇಖಾಗಣಿತ, ದತ್ತಾಂಶ ವಿಶ್ಲೇಷಣೆ ಎಂಬ ನಾಲ್ಕೇ ಭಾಗಗಳು. ತ್ರಿಕೋನಮಿತಿ ಇಲ್ಲ, ಕಲನಶಾಸ್ತ್ರ ಇಲ್ಲ. ಪುಟ ತಿರುಗಿಸುತ್ತ ಹೋದಂತೆ ಶೇಕಡಾ, ಅನುಪಾತ, ವರ್ಗ ಸಮೀಕರಣ, ಪೈಥಾಗೊರಸ್ ಪ್ರಮೇಯ, ಸರಾಸರಿ, ಮಧ್ಯಾಂಕ, ಸಂಭವನೀಯತೆ, ಹೀಗೆ ಎಲ್ಲ ಹಳೆಯ ಪರಿಚಯದವರೇ ಎದುರಾದರು. ತಮ್ಮ ಆಗ ಹತ್ತನೇ ತರಗತಿಯಲ್ಲಿದ್ದ. ಅವನ ಕನ್ನಡ ಮಾಧ್ಯಮದ ಗಣಿತ ಪುಸ್ತಕವೇ ನನ್ನ ಮೊದಲ ಕೋಚಿಂಗ್ ಆಯಿತು.

ದಿನವೂ ಫಜ್ರ್ ನಮಾಝ್ ಆದ ಮೇಲೆ ಒಂದೂವರೆ ಗಂಟೆ ಲೆಕ್ಕಕ್ಕೆ ಮೀಸಲಿಟ್ಟೆ. ಅಧ್ಯಾಯವನ್ನು ಮೊದಲು ಕನ್ನಡದಲ್ಲಿ ಓದುವುದು, ಆಮೇಲೆ ಅದೇ ವಿಷಯವನ್ನು ಇಂಗ್ಲಿಷ್ ಕೈಪಿಡಿಯಲ್ಲಿ ನೋಡುವುದು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪರೀಕ್ಷೆ ಇಂಗ್ಲಿಷ್‌ನಲ್ಲಿ. ಆದ್ದರಿಂದ ಇನ್ನೂರು ಪುಟದ ಒಂದು ನೋಟ್‌ಬುಕ್‌ನಲ್ಲಿ ಪದಗಳನ್ನು ಜೋಡಿಸಿಕೊಂಡೆ. ಇಂಟೀಜರ್ ಅಂದರೆ ಪೂರ್ಣಾಂಕ, ಪ್ರೈಮ್ ನಂಬರ್ ಅಂದರೆ ಅವಿಭಾಜ್ಯ ಸಂಖ್ಯೆ, ರಿಮೈಂಡರ್ ಅಂದರೆ ಶೇಷ, ಮೀಡಿಯನ್ ಅಂದರೆ ಮಧ್ಯಾಂಕ. ಸಣ್ಣ ಪದಗಳನ್ನೂ ಬಿಡಲಿಲ್ಲ. 'ಅಟ್ ಲೀಸ್ಟ್ 3' ಎಂದರೆ 3 ಕೂಡ ಸೇರುತ್ತದೆ, 'ಮೋರ್ ದ್ಯಾನ್ 3' ಎಂದರೆ ಸೇರುವುದಿಲ್ಲ. ಎಷ್ಟೋ ಪ್ರಶ್ನೆಗಳು ನಿಂತಿರುವುದು ಇಂಥ ಒಂದೊಂದು ಪದದ ಮೇಲೆ. ಎರಡು ತಿಂಗಳಲ್ಲಿ ಆ ನೋಟ್‌ಬುಕ್ ಅರ್ಧ ತುಂಬಿತು.

ಒಂದು ಸಂಜೆ ಶೇಕಡಾ ಲೆಕ್ಕ ಮಾಡುತ್ತಿದ್ದೆ. ಒಂದು ವಸ್ತುವಿನ ಬೆಲೆಯನ್ನು ಶೇ. 20 ಏರಿಸಿ, ಆಮೇಲೆ ಶೇ. 20 ಇಳಿಸಿದರೆ ಏನಾಗುತ್ತದೆ? "ಮೊದಲಿನಷ್ಟೇ ಆಗುತ್ತದೆ" ಎಂದ ತಮ್ಮ. ಬಟ್ಟೆ ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದ ನಮ್ಮ ಬಾಪ ಓದಿದ್ದು ಏಳನೇ ತರಗತಿಯವರೆಗೆ. ಅವರು ಚಹಾದ ಲೋಟ ಕೆಳಗಿಡದೆಯೇ, "ನೂರಕ್ಕೆ ನಾಲ್ಕು ರೂಪಾಯಿ ಹೋಯಿತು ಮಗಳೇ. ಇಳಿಸುವುದು ನೂರರ ಮೇಲಲ್ಲ, ನೂರಿಪ್ಪತ್ತರ ಮೇಲೆ" ಎಂದರು. ಹೌದು, 100 ಹೋಗಿ 120, 120 ಹೋಗಿ 96. 'ಯಾವುದರ ಮೇಲೆ ಶೇಕಡಾ?' ಎಂದು ಮೊದಲು ಕೇಳಿಕೊಳ್ಳುವ ಅಭ್ಯಾಸ ನನಗೆ ಬಂದದ್ದು ಅಂದಿನಿಂದಲೇ.

ಈ ಪರೀಕ್ಷೆಯಲ್ಲಿ ಎರಡು ಪರಿಮಾಣಗಳನ್ನು ಹೋಲಿಸುವ ಪ್ರಶ್ನೆಗಳಿರುತ್ತವೆ. ಮೊದಲನೆಯದು ದೊಡ್ಡದು, ಎರಡನೆಯದು ದೊಡ್ಡದು, ಎರಡೂ ಸಮ, ಅಥವಾ ಕೊಟ್ಟ ಮಾಹಿತಿಯಿಂದ ಹೇಳಲಾಗದು ಎಂಬ ನಾಲ್ಕು ಆಯ್ಕೆಗಳು. ಎಕ್ಸ್ ಮತ್ತು ಎಕ್ಸ್‌ನ ವರ್ಗ, ಇವೆರಡರಲ್ಲಿ ಯಾವುದು ದೊಡ್ಡದು? ಎಕ್ಸ್ 2 ಆದರೆ ವರ್ಗ 4, ಅದೇ ದೊಡ್ಡದು. ಎಕ್ಸ್ 1 ಆದರೆ ಎರಡೂ ಸಮ. ಎಕ್ಸ್ ಅರ್ಧ ಆದರೆ ವರ್ಗ ಕಾಲು, ಈಗ ಎಕ್ಸ್ ದೊಡ್ಡದು. ಆದ್ದರಿಂದ ಉತ್ತರ 'ಹೇಳಲಾಗದು'. ಸಂಖ್ಯೆ ಎಂದರೆ ಒಂದು, ಎರಡು, ಮೂರು ಮಾತ್ರವಲ್ಲ. ಸೊನ್ನೆ, ಭಿನ್ನರಾಶಿ, ಋಣ ಸಂಖ್ಯೆ ಎಲ್ಲವೂ ಇವೆ ಎಂದು ಎಂಟನೇ ತರಗತಿಯಲ್ಲಿ ಕಲಿತದ್ದನ್ನೇ ಇಲ್ಲಿ ಬೇರೆ ರೀತಿಯಲ್ಲಿ ಕೇಳುತ್ತಾರೆ.

ಶಾಲಾ ಪುಸ್ತಕದಲ್ಲಿ ಸಿಗದ ಭಾಗವೂ ಸ್ವಲ್ಪ ಇತ್ತು. ಮಾನಕ ವಿಚಲನೆಯನ್ನು ಪದವಿಯ ಅರ್ಥಶಾಸ್ತ್ರದಲ್ಲಿ ಓದಿದ್ದೆ. ಕ್ರಮಯೋಜನೆ, ವಿಕಲ್ಪಗಳು ಮಾತ್ರ ಹೊಸವು. ಇದಕ್ಕಾಗಿ ನಮ್ಮ ಕಾಲೇಜಿನ ಗಣಿತ ಉಪನ್ಯಾಸಕರ ಬಳಿ ಬಂದೆ. ನಾನು ಅವರ ತರಗತಿಯ ವಿದ್ಯಾರ್ಥಿನಿಯೇ ಆಗಿರಲಿಲ್ಲ. ಆದರೂ ಎರಡು ಶನಿವಾರ ಮಧ್ಯಾಹ್ನ ಕೂರಿಸಿ ಹೇಳಿಕೊಟ್ಟರು. ಐದು ಜನ ಸಾಲಿನಲ್ಲಿ ಎಷ್ಟು ರೀತಿ ನಿಲ್ಲಬಹುದು ಎಂಬುದನ್ನು ಐದು ಪೆನ್ನುಗಳನ್ನು ಮೇಜಿನ ಮೇಲಿಟ್ಟು ತೋರಿಸಿದರು. ಮೊದಲ ಜಾಗಕ್ಕೆ 5 ದಾರಿ, ಮುಂದಿನದಕ್ಕೆ 4, ಹೀಗೆ ಗುಣಿಸುತ್ತ ಹೋದರೆ 120. ಸೂತ್ರದ ಹೆಸರು ಹೇಳಿದ್ದು ಆಮೇಲೆ.

ಕೊನೆಯ ತಿಂಗಳು ಸಮಯದ ಅಭ್ಯಾಸಕ್ಕೆ ಹೋಯಿತು. 2023ರ ಸೆಪ್ಟೆಂಬರ್‌ನಿಂದ ಈ ಪರೀಕ್ಷೆ ಚಿಕ್ಕದಾಗಿದೆ. ಈಗ ಒಟ್ಟು ಅವಧಿ ಎರಡು ಗಂಟೆಗೂ ಕಡಿಮೆ. ಗಣಿತದಲ್ಲಿ ಮೊದಲು 21 ನಿಮಿಷಕ್ಕೆ 12 ಪ್ರಶ್ನೆ, ನಂತರ 26 ನಿಮಿಷಕ್ಕೆ 15 ಪ್ರಶ್ನೆ. ಒಂದಕ್ಕೆ ಸುಮಾರು ಒಂದೂ ಮುಕ್ಕಾಲು ನಿಮಿಷ ಸಿಗುತ್ತದೆ. ಮೊದಲ ಭಾಗವನ್ನು ಎಷ್ಟು ಚೆನ್ನಾಗಿ ಮಾಡುತ್ತೇವೋ ಅದರ ಮೇಲೆ ಎರಡನೇ ಭಾಗದ ಕಠಿಣತೆ ನಿರ್ಧಾರವಾಗುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅದೇ ಭಾಗದೊಳಗೆ ಬಿಟ್ಟ ಪ್ರಶ್ನೆಗೆ ಮರಳಿ ಬರಬಹುದು. ಪರದೆಯ ಮೇಲೆ ಕ್ಯಾಲ್ಕುಲೇಟರ್ ಕೂಡ ಇರುತ್ತದೆ. ಇಟಿಎಸ್ ಉಚಿತವಾಗಿ ಕೊಡುವ ಎರಡು ಮಾದರಿ ಪರೀಕ್ಷೆಗಳನ್ನು ಗೆಳತಿಯ ಲ್ಯಾಪ್‌ಟಾಪ್‌ನಲ್ಲಿ ಬರೆದೆ. ಆಗ ಮನೆಯವರೆಲ್ಲ ದನಿ ತಗ್ಗಿಸಿ ಮಾತಾಡಿದರು. ಉಮ್ಮ ಕುಕ್ಕರ್ ಇಡುವುದನ್ನೂ ಮುಂದೂಡಿದರು.

ಗಣಿತಕ್ಕೆ 130ರಿಂದ 170ರವರೆಗೆ ಅಂಕ ಕೊಡುತ್ತಾರೆ. ನನಗೆ 159 ಬಂತು, ಅಲ್‌ಹಮ್ದುಲಿಲ್ಲಾಹ್. ಇಂಜಿನಿಯರಿಂಗ್ ಓದಿದವರ ಎದುರು ಇದು ದೊಡ್ಡ ಅಂಕವಲ್ಲ. ಆದರೆ ನಾನು ಅರ್ಜಿ ಹಾಕಿದ ಕೋರ್ಸ್‌ಗೆ ಕಡಿಮೆಯೂ ಅಲ್ಲ. ಪ್ರವೇಶದ ಪತ್ರ ಇನ್ನೂ ಬಂದಿಲ್ಲ. ಸೀಟು ಸಿಕ್ಕರೂ ವಿದ್ಯಾರ್ಥಿವೇತನ ಸಿಗದಿದ್ದರೆ ಹೋಗುವುದು ಸಾಧ್ಯವಿಲ್ಲ. ಅಂಕ ಐದು ವರ್ಷ ಚಾಲ್ತಿಯಲ್ಲಿರುತ್ತದೆ ಎಂಬುದೊಂದು ಸಮಾಧಾನ.

ನಿಮ್ಮಲ್ಲಿ ಕಲಾ ವಿಭಾಗದವರು, ವಾಣಿಜ್ಯದವರು, ಗಣಿತವಿಲ್ಲದೆ ವಿಜ್ಞಾನ ಓದುವವರು ಇದ್ದೀರಿ. ನಿಮಗೆ ಹೇಳುವುದಿಷ್ಟೇ. ಎಂಟು, ಒಂಬತ್ತು, ಹತ್ತನೇ ತರಗತಿಯ ಗಣಿತ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ವಾರಕ್ಕೊಮ್ಮೆಯಾದರೂ ನಾಲ್ಕು ಲೆಕ್ಕ ಮಾಡಿ. ಕನ್ನಡದಲ್ಲಿ ಕಲಿತ ಗಣಿತವನ್ನು ಕೀಳಾಗಿ ಕಾಣಬೇಡಿ. ಅರ್ಥವಾಗಿದ್ದರೆ ಇನ್ನೊಂದು ಭಾಷೆಯಲ್ಲಿ ಅದರ ಹೆಸರನ್ನು ಕಲಿತುಕೊಳ್ಳುವುದು ಎರಡು ತಿಂಗಳ ಕೆಲಸ, ಅಷ್ಟೆ. ನನ್ನ ಪದಗಳ ನೋಟ್‌ಬುಕ್‌ನ ಒಂದು ಜೆರಾಕ್ಸ್ ಪ್ರತಿಯನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಬೇಕಾದವರು ನೋಡಿ. ಉಳಿದ ಅರ್ಧ ಖಾಲಿ ಇದೆ, ನೀವು ತುಂಬಿಸಿ.