ಹೃದಯ ಬರೆದ ಚೀಟಿ

'ಬಿಎನ್‌ಪಿ'ಯ 'ಬಿ' ಅಂದ್ರೆ ಬ್ರೇನ್! 1988ರಲ್ಲಿ ಜಪಾನಿನ ವಿಜ್ಞಾನಿಗಳಿಗೆ ಈ ಹಾರ್ಮೋನು ಮೊದಲು ಸಿಕ್ಕಿದ್ದು ಹಂದಿಯ ಮೆದುಳಿನಲ್ಲಿ. ಅದನ್ನು ಮುಖ್ಯವಾಗಿ ತಯಾರಿಸುವುದು ಹೃದಯ ಅಂತ ಆಮೇಲೆ ಗೊತ್ತಾಯ್ತು. ಹೆಸರು ಮಾತ್ರ ಹಾಗೇ ಉಳೀತು. (ನಮ್ಮ ಕೋಡಿನಲ್ಲೂ ಇಂಥ ವೇರಿಯಬಲ್‌ಗಳಿಗೇನು ಬರವಿಲ್ಲ ಬಿಡಿ!)

ರಕ್ತವನ್ನು ಸರಿಯಾಗಿ ಮುಂದೂಡಲಾಗದೆ ಒಳಗೆ ಒತ್ತಡ ಹೆಚ್ಚಿ ಗೋಡೆಗಳು ಹಿಗ್ಗಿದಾಗ ಹೃದಯ ಇದನ್ನು ಬಿಡುತ್ತದೆ. 'ಉಪ್ಪು, ನೀರು ಹೊರಗೆ ಹಾಕಪ್ಪಾ' ಅಂತ ಕಿಡ್ನಿಗೆ ಕಳಿಸುವ ಚೀಟಿ ಅದು. ಜೊತೆಗೇ ಹುಟ್ಟುವ ಇನ್ನೊಂದು ತುಣುಕು ಎನ್‌ಟಿ-ಪ್ರೊಬಿಎನ್‌ಪಿ.

ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ನಮ್ಮಮ್ಮನಿಗೆ ಮೊನ್ನೆ ಮಾಡಿಸಿದ್ದು ಈ ತುಣುಕಿನ ಪರೀಕ್ಷೆ. ಬಂದದ್ದು 410. ಮಿಲಿಲೀಟರಿಗೆ 125 ಪಿಕೋಗ್ರಾಂಗಿಂತ ಕಡಿಮೆ ಇದ್ದಿದ್ದರೆ ಹೃದಯ ವೈಫಲ್ಯದ ಸಾಧ್ಯತೆ ತೀರಾ ಕಮ್ಮಿ ಅನ್ನಬಹುದಿತ್ತು. ಹಾಗಂತ ಹೆಚ್ಚು ಬಂದರೆ ಹೃದಯದ್ದೇ ತೊಂದರೆ ಅಂತಲೂ ಅಲ್ಲ. ವಯಸ್ಸಾದರೆ, ಕಿಡ್ನಿ ಸೋತರೆ, ಎದೆಬಡಿತ ತಾಳ ತಪ್ಪಿದರೂ ಏರುತ್ತದೆ. ಬೊಜ್ಜಿದ್ದವರಲ್ಲಿ ಇಳಿದೂ ಇರುತ್ತದೆ. 'ಇಲ್ಲ' ಅನ್ನುವುದರಲ್ಲಿ ಗಟ್ಟಿ, 'ಹೌದು' ಅನ್ನುವುದರಲ್ಲಿ ಅಷ್ಟಕ್ಕಷ್ಟೇ..

"ಪಾಸೋ ಫೇಲೋ?" ಅಂದಳು ಅಮ್ಮ. ಅದನ್ನು ಸೋಮವಾರದ ಎಕೋ ಸ್ಕ್ಯಾನ್ ಹೇಳಬೇಕು. ಅಲ್ಲಿಯವರೆಗೆ ಉಪ್ಪಿನಕಾಯಿ ಜಾಡಿ ನನ್ನ ರೂಮಿನಲ್ಲಿ!