ಮಕ್ಕಳಿಗೆ ಕಸದ ಪಾಠ

ಮನೆಯನ್ನು ಗುಡಿಸುವುದು ಎಲ್ಲರೂ ಬಲ್ಲ ಕೆಲಸ. ಗುಡಿಸಿದುದು ಎಲ್ಲಿಗೆ ಹೋಗುವುದೆಂದು ವಿಚಾರಿಸುವವರು ವಿರಳ. ಹೊಸಿಲಿನಿಂದಾಚೆಗೆ ಹೋದ ವಸ್ತು ಲೋಕದಿಂದಲೇ ಹೋಯಿತೆಂದು ನಾವು ಭಾವಿಸುತ್ತೇವೆ. ಈ ಭಾವನೆ ಬಲಿತ ಮೇಲೆ ತಿದ್ದುವುದು ಕಷ್ಟ. ಆದುದರಿಂದ ಅದನ್ನು ಎಳೆಯ ವಯಸ್ಸಿನಲ್ಲಿಯೇ ತಿದ್ದಬೇಕೆಂಬುದು, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮದಲೂರಿನ ಸುತ್ತುಮುತ್ತ ಪಾಠ ಹೇಳಿ ಈಗ ವಿಶ್ರಾಂತಿಯಲ್ಲಿರುವ ನನ್ನ ಅಭಿಪ್ರಾಯ. ಅದಕ್ಕಾಗಿ ಬೇರೊಂದು ಪುಸ್ತಕವಾಗಲಿ ಬೇರೊಂದು ಘಂಟೆಯಾಗಲಿ ಬೇಕಾಗಿಲ್ಲವೆಂಬುದನ್ನು ಗೃಹಸ್ಥರಾದ ವಾಚಕರಲ್ಲಿ ಅರಿಕೆ ಮಾಡುವುದಕ್ಕಾಗಿ ಈ ನಾಲ್ಕು ಮಾತು.

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ನಮ್ಮ ಮದಲೂರು ಶಿರಾ ತಾಲ್ಲೂಕಿಗೆ ಸೇರಿದುದು. ಕೆಮ್ಮಣ್ಣು, ರಾಗಿ, ಕಡಲೆಕಾಯಿ, ಕುರಿಯ ಮಂದೆ, ಮಳೆಯ ನಿರೀಕ್ಷೆ, ಇವು ಈ ಸೀಮೆಯ ಲಕ್ಷಣ. ಹಿಂದೆ ಇಲ್ಲಿ ಕಸವೆಂಬುದಕ್ಕಿಂತ ತಿಪ್ಪೆಯೆಂಬುದೇ ಇತ್ತೆನ್ನಬಹುದು. ಸಗಣಿ, ಬೂದಿ, ಹೊಟ್ಟು, ತರಗೆಲೆ ಎಲ್ಲವೂ ತಿಪ್ಪೆಗುಂಡಿಗೆ ಬಿದ್ದು, ಮುಂಗಾರಿಗೆ ಮುಂಚೆ ಗಾಡಿಯೇರಿ ಹೊಲಕ್ಕೆ ಹೋಗುತ್ತಿದ್ದುವು. ತಿಪ್ಪೆಯನ್ನು ನಮ್ಮವರು ಹೀನವೆಂದೆಣಿಸಿದವರಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಮುಂದಿನ ಕೂಸಿಗೆ ತಿಪ್ಪಣ್ಣನೆಂದೋ ತಿಪ್ಪಮ್ಮನೆಂದೋ ಹೆಸರಿಟ್ಟು ಅದರ ಆಯುಸ್ಸನ್ನು ಹಾರೈಸುತ್ತಿದ್ದರು. ಅಂತಹ ತಿಪ್ಪೆಗೆ ಈಗ ಪ್ಲಾಸ್ಟಿಕ್ ಸೇರಿದೆ. ಗೊಬ್ಬರದೊಡನೆ ಅದೂ ಹೊಲಕ್ಕೆ ಹೋಗುವುದು. ಆದರೆ ಗೊಬ್ಬರ ಮಣ್ಣಾಗುವುದು, ಅದು ಆಗದು.

ಗಣಿತದಿಂದ ಆರಂಭಿಸೋಣ. ಭಾಗಾಹಾರದ ಕೊನೆಯಲ್ಲಿ ಉಳಿಯುವುದಕ್ಕೆ ‘ಶೇಷ’ವೆಂದು ಹೆಸರು. ಶೇಷವನ್ನು ಬರೆಯದೆ ಬಿಟ್ಟರೆ ಲೆಕ್ಕ ತಪ್ಪೆಂದು ಮಕ್ಕಳಿಗೆ ಗೊತ್ತು. ‘ತಿಂಡಿಯ ಪೊಟ್ಟಣದಿಂದ ತಿಂಡಿಯನ್ನು ಕಳೆದರೆ ಶೇಷವೇನು?’ ಎಂದು ನಾನು ಕೇಳುತ್ತಿದ್ದೆ. ಅರುವತ್ತು ಮಕ್ಕಳು ದಿನಕ್ಕೆ ಎರಡರಂತೆ ಪೊಟ್ಟಣಗಳನ್ನು ಬಿಸಾಡಿದರೆ 120. ಶಾಲೆಯ 220 ದಿನಗಳಿಗೆ 26,400. ಈ ಗುಣಾಕಾರವನ್ನು ತಾವೇ ಮಾಡಿದ ಮಕ್ಕಳು ಸ್ವಲ್ಪ ಹೊತ್ತು ಮಾತನಾಡುತ್ತಿರಲಿಲ್ಲ. ಅಕ್ಷರ ದಾಸೋಹದಲ್ಲಿ ಐದನೆಯ ತರಗತಿಯವರೆಗಿನ ಮಗುವಿಗೆ 100 ಗ್ರಾಂ ಅಕ್ಕಿಯೆಂದು ಲೆಕ್ಕ. ತಟ್ಟೆಗಳಲ್ಲಿ ಬಿಟ್ಟ ಅನ್ನವನ್ನು ಒಟ್ಟುಗೂಡಿಸಿ ದಿನವೂ ತೂಗಿ ಕರಿಹಲಗೆಯ ಮೂಲೆಯಲ್ಲಿ ಬರೆಯಿಸುತ್ತಿದ್ದೆನು. ಯಾರನ್ನೂ ಗದರಿಸಿದುದಿಲ್ಲ. ‘ಮೊದಲು ಸ್ವಲ್ಪ ಬಡಿಸಿರಿ, ಬೇಕಾದರೆ ಕೇಳುತ್ತೇವೆ’ ಎಂಬ ಮಾತು ಮಕ್ಕಳಿಂದಲೇ ಬಂದಿತು. ತೂಕ ಇಳಿಯುತ್ತ ಹೋಯಿತು.

ಭೂಗೋಳದ ಪಾಠಕ್ಕೆ ಮಂಡೂರಿನ ಕಥೆ ತಕ್ಕದ್ದು. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಆ ಊರಿನಲ್ಲಿ ಸುರಿದರು. ನಾತ, ನೊಣ, ಕೆಟ್ಟ ನೀರುಗಳಿಂದ ಬೇಸತ್ತ ಹಳ್ಳಿಗರು 2014ರಲ್ಲಿ ದೊಡ್ಡದಾಗಿ ಪ್ರತಿಭಟಿಸಿದರು. ಆ ವರ್ಷದ ಡಿಸೆಂಬರಿನಿಂದ ಅಲ್ಲಿ ಸುರಿಯುವುದು ನಿಂತಿತು. ಅದಕ್ಕೆ ಮುಂಚೆ ಮಾವಳ್ಳಿಪುರದವರೂ 2012ರಲ್ಲಿ ಹೀಗೆಯೇ ತಡೆದಿದ್ದರು. ನಕಾಶೆಯ ಮೇಲೆ ಈ ಊರುಗಳನ್ನು ಗುರುತಿಸಿದ ಮಕ್ಕಳಿಗೆ ‘ಆಚೆಗೆ’ ಎಂಬ ಸ್ಥಳವೊಂದಿಲ್ಲ, ನಮ್ಮ ‘ಆಚೆಗೆ’ ಮತ್ತೊಬ್ಬರ ‘ಇಲ್ಲಿ’ ಎಂಬುದು ತಾನಾಗಿಯೇ ಹೊಳೆಯುವುದು.

ವಿಜ್ಞಾನಕ್ಕೆ ಎರಡು ಗುಂಡಿಗಳು ಸಾಕು. ಒಂದರಲ್ಲಿ ಬಾಳೆಹಣ್ಣಿನ ಸಿಪ್ಪೆ, ಮೊಟ್ಟೆಯ ಓಡು, ಹೊಂಗೆಯ ಎಲೆ. ಇನ್ನೊಂದರಲ್ಲಿ ಎಣ್ಣೆಯ ಪೊಟ್ಟಣ, ಮಿಠಾಯಿಯ ಹಾಳೆ. ಮೂರು ತಿಂಗಳಾದ ಮೇಲೆ ತೆಗೆದು ನೋಡಿದರೆ, ಮೊದಲನೆಯದರಲ್ಲಿ ಕಪ್ಪು ಮಣ್ಣು, ಅಲ್ಲಲ್ಲಿ ಓಡಿನ ಚೂರು. ಎರಡನೆಯದರಲ್ಲಿ ಹಾಕಿದುದು ಹಾಕಿದಂತೆ. ಹಾಗಾದರೆ ಕೊಳೆಯುವ ವಸ್ತುವನ್ನು ಎಲ್ಲಿ ಹಾಕಿದರೂ ಸರಿಯೇ ಎಂದು ಕೇಳಬಹುದು. ಸರಿಯಲ್ಲ. ಬೆಟ್ಟದಂತಹ ಕಸದ ರಾಶಿಯ ಒಳಗೆ ಗಾಳಿಯಾಡದು. ಗಾಳಿಯಿಲ್ಲದೆ ಕೊಳೆತ ಅನ್ನ ತರಕಾರಿಗಳಿಂದ ಮೀಥೇನ್ ಎಂಬ ಅನಿಲ ಹುಟ್ಟುವುದು. ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಕಾಯಿಸುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು. ಅಮೆರಿಕದ ಅರಿಜೋನಾ ವಿಶ್ವವಿದ್ಯಾನಿಲಯದ ವಿದ್ವಾಂಸರು ಇಂತಹ ರಾಶಿಗಳನ್ನು ಅಗೆದು ನೋಡಿದಾಗ, ದಶಕಗಳ ಹಿಂದೆ ಹೂತುಹೋದ ವೃತ್ತಪತ್ರಿಕೆಗಳನ್ನು ಇನ್ನೂ ಓದಬಹುದಾಗಿತ್ತಂತೆ. ತಿಪ್ಪೆ ಬೇರೆ, ಕಸದ ಬೆಟ್ಟ ಬೇರೆ.

ಒಂದು ವರ್ಷ ಈ ಪಾಠ ನಡೆಯುತ್ತಿದ್ದಾಗ, ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು ಎರಡು ದಿನ ಶಾಲೆಗೆ ಬರಲಿಲ್ಲ. ಗಬ್ಬದ ಕುರಿಯೊಂದು ಮೇವು ಬಿಟ್ಟು, ಹೊಟ್ಟೆಯುಬ್ಬಿ ಸತ್ತಿತ್ತು. ಪಶುವೈದ್ಯರು ಕೊಯ್ದು ನೋಡಲಾಗಿ ಒಳಗೆ ಚೀಲಗಳ ಉಂಡೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಸೇರಿದ ಪ್ಲಾಸ್ಟಿಕ್ ಕರಗುವುದೂ ಇಲ್ಲ, ಮುಂದಕ್ಕೆ ಸಾಗುವುದೂ ಕಷ್ಟ. ಮುಸುರೆಯನ್ನು ಚೀಲದಲ್ಲಿ ಕಟ್ಟಿ ಬಿಸುಟರೆ, ಉಪ್ಪಿನ ರುಚಿಗೆ ಪ್ರಾಣಿ ಚೀಲವನ್ನೂ ನುಂಗುವುದು. ಆ ಮನೆಗೆ ಒಂದು ಕುರಿಯೆಂದರೆ ವರ್ಷದ ಬಟ್ಟೆಬರೆ. ಶಾಲೆಗೆ ಮರಳಿದ ಆ ಮಗು ‘ಅದು ಯಾರ ಮನೆಯ ಚೀಲ, ಮೇಷ್ಟ್ರೇ?’ ಎಂದು ಕೇಳಿದಳು. ತರಗತಿಯಲ್ಲಿ ಯಾರೂ ತಲೆಯೆತ್ತಲಿಲ್ಲ. ಮಾರನೆಯ ದಿನದಿಂದ ಹಲವು ಮಕ್ಕಳು ಮನೆಯ ಮುಸುರೆಯನ್ನು ಚೀಲದಿಂದ ಬಿಡಿಸಿ ತಿಪ್ಪೆಗೆ ಸುರಿಯತೊಡಗಿದರೆಂದು ತಾಯಂದಿರು ಹೇಳಿದರು.

ಅದೇ ತರಗತಿಯಲ್ಲಿ ಅಂಗಡಿಯವರ ಹುಡುಗನೊಬ್ಬನಿದ್ದನು. ‘ಪೊಟ್ಟಣ ಮಾರದಿದ್ದರೆ ನಮ್ಮ ಮನೆ ನಡೆಯುವುದು ಹೇಗೆ?’ ಎಂದು ಅವನ ಪ್ರಶ್ನೆ. ಇದೂ ನ್ಯಾಯವಾದುದೇ. ಕನ್ನಡದ ಪಾಠದಲ್ಲಿ ‘ಅಜ್ಜಿಯ ಕಾಲದ ಅಂಗಡಿ’ ಎಂದು ಪ್ರಬಂಧ ಬರೆಯಲು ಹೇಳಿದೆನು. ಮಕ್ಕಳು ಮನೆಯ ಹಿರಿಯರನ್ನು ಕೇಳಿ ಬಂದರು: ಎಣ್ಣೆಗೆ ಸೀಸೆ ಒಯ್ಯುತ್ತಿದ್ದುದು, ಬೆಲ್ಲಕ್ಕೆ ಕಾಗದದ ಪೊಟ್ಟಣ, ಊಟಕ್ಕೆ ಮುತ್ತುಗದ ಎಲೆ, ಹಳೆಯ ಸೀರೆಯ ಕೌದಿ. ಅವನ ತಂದೆ ಅದನ್ನು ಓದಿಸಿ ಕೇಳಿ, ಹುರಿದ ಕಡಲೆಕಾಯಿಯನ್ನೂ ಬೆಲ್ಲದ ಉಂಡೆಯನ್ನೂ ಗಾಜಿನ ಭರಣಿಯಲ್ಲಿ ಇಟ್ಟು ಮಾರಲಾರಂಭಿಸಿದರು. ಥಳಥಳಿಸುವ ಪೊಟ್ಟಣಗಳು ಅಂಗಡಿಯಿಂದ ಹೋಗಲಿಲ್ಲ; ಅವುಗಳ ಪಕ್ಕದಲ್ಲಿ ಭರಣಿಯೊಂದು ಬಂದಿತು, ಅಷ್ಟೆ. ಅಷ್ಟೂ ಸಣ್ಣದಲ್ಲ.

ಕಾನೂನುಗಳಿಲ್ಲವೆಂದಲ್ಲ. ನಮ್ಮ ರಾಜ್ಯವು 2016ರಲ್ಲಿಯೂ, ಕೇಂದ್ರವು 2022ರ ಜುಲೈ 1ರಿಂದಲೂ ಒಮ್ಮೆ ಬಳಸಿ ಬಿಸುಡುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದುವು. ರಾಜ್ಯದ ಅನೇಕ ಪಂಚಾಯಿತಿಗಳಲ್ಲಿ ಒಣಕಸಕ್ಕಾಗಿ ಸ್ವಚ್ಛ ಸಂಕೀರ್ಣಗಳಾಗಿವೆ. ಆದರೂ ಹಲವು ಪದರಗಳ ತಿಂಡಿಯ ಪೊಟ್ಟಣವನ್ನು ಮರಳಿ ಬಳಕೆಗೆ ತರುವುದು ದುಸ್ತರ. ಬೇರ್ಪಡಿಸುವುದು ಒಳ್ಳೆಯದು, ಕೊಳ್ಳದಿರುವುದು ಅದಕ್ಕಿಂತ ಒಳ್ಳೆಯದು. ಪತಂಜಲಿಯು ಹೇಳಿದ ಯಮಗಳಲ್ಲಿ ಕಡೆಯದು ಅಪರಿಗ್ರಹ, ನಿಯಮಗಳಲ್ಲಿ ಮೊದಲನೆಯದು ಶೌಚ. ಬೇಡದುದನ್ನು ಒಳಕ್ಕೆ ತಾರದಿರುವುದು ಮುಂಚೆ, ಶುಚಿ ಮಾಡುವುದು ತರುವಾಯ. ನಾವು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಮಾತ್ರ ಹಿಡಿದುಕೊಂಡಿದ್ದೇವೆ.

ದಶಕಗಳ ಕಾಲ ಬೇಡಿಕೊಂಡ ಬಳಿಕ 2020ರ ಕೊನೆಯಲ್ಲಿ ಹೇಮಾವತಿಯ ನೀರು ಮದಲೂರಿನ ಕೆರೆಯತ್ತ ಹರಿಯಿತು. ಅಷ್ಟು ದೂರದಿಂದ ಬರುವ ನೀರಿಗೆ ನಮ್ಮ ಊರಿನ ಚೀಲಗಳು ಎದುರುಗೊಳ್ಳಬಾರದೆಂಬುದು ಮಕ್ಕಳಿಗೂ ತಿಳಿಯುವ ಮಾತು. ನಮ್ಮ ತಾಲ್ಲೂಕಿನದೇ ಆದ ಕಗ್ಗಲಡುವಿನಲ್ಲಿ ಹುಣಿಸೆಯ ಮರಗಳ ಮೇಲೆ ಗೂಡುಕಟ್ಟುವ ಬಣ್ಣದ ಕೊಕ್ಕರೆಗಳನ್ನು ಊರವರು ತಮ್ಮ ಮನೆಯವರಂತೆ ಕಾಪಾಡುತ್ತಾರೆ. ಆ ಹಕ್ಕಿಗಳು ಮೀನು ಹುಡುಕುವುದು ಇಂತಹ ಕೆರೆಗಳಲ್ಲಿಯೇ.

ಉಪಾಧ್ಯಾಯನ ಕೈಯಲ್ಲಿ ಮಗು ಇರುವುದು ಸಂಜೆ ನಾಲ್ಕು ಘಂಟೆಯವರೆಗೆ. ಆಮೇಲಿನ ಶಾಲೆ ಮನೆಯೇ. ಆದುದರಿಂದ ವಾಚಕರಲ್ಲಿ ನನ್ನ ಪ್ರಾರ್ಥನೆ ಇಷ್ಟು: ಸಂತೆಗೆ ಹೊರಡುವಾಗ ಬಟ್ಟೆಯ ಚೀಲವನ್ನು ಮಗುವಿನ ಕೈಯಲ್ಲಿಯೇ ಕೊಡಿರಿ, ಹಿತ್ತಿಲಿದ್ದರೆ ಒಂದು ಗುಂಡಿಯನ್ನು ತೋಡಿಸಿರಿ, ಇಲ್ಲದಿದ್ದರೆ ಒಂದು ಮಣ್ಣಿನ ಮಡಕೆಯಾದರೂ ಸಾಕು, ಮತ್ತು ‘ಇದು ಎಲ್ಲಿಗೆ ಹೋಗುವುದಮ್ಮಾ?’ ಎಂದು ಮಗು ಕೇಳಿದಾಗ, ಕೆಲಸದ ಅವಸರದಲ್ಲಿಯೂ ಒಂದು ಘಳಿಗೆ ನಿಂತು ನಿಜವಾದ ಉತ್ತರವನ್ನು ಹೇಳಿರಿ.